ಪ್ಲೇಯರ್ ಈ ಮನೆ ಬಿಟ್ಟು ಕದಲುವುದಿಲ್ಲ

ಆಗಸ್ಟ್ ೨೩, ಮಧ್ಯಾಹ್ನ

ನನ್ನ ಮುದ್ದಿನ ತಂಗಿಗೆ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಶಾಲೆಯ ಸಮವಸ್ತ್ರದ ರಾಶಿಯಲ್ಲಿ ಹೂತುಹೋಗಿದ್ದೆ ಎನ್ನುವುದು ಅರ್ಧ ಕಾರಣ. ಇನ್ನರ್ಧ, ನಿನ್ನ ಮೇಲೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ, ಇಳಿಯಲಿ ಎಂದು ಕಾದೆ. ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಸುಮ್ಮಸುಮ್ಮನೆ ಮಹಡಿ ಹತ್ತಿಳಿಯಬೇಡ. ನಿನ್ನ ಮಗಳಿಗೆ ಹೊಲಿದು ಕಳಿಸಿದ ಕೋಟು ಭುಜದಲ್ಲಿ ಬಿಗಿಯಾಯಿತೆಂದು ಬರೆದಿದ್ದೀ. ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆ ಬಿಟ್ಟೇ ಹೊಲಿದಿದ್ದೇನೆ. ಅಲ್ಲಿ ಯಾರ ಕೈಗೂ ಕೊಟ್ಟು ಹಾಳು ಮಾಡಿಸಬೇಡ, ನನಗೇ ಕಳಿಸು.

ಇನ್ನು ಸಿಟ್ಟಿನ ವಿಷಯ. "ಅಕ್ಕಾ, ಅದೊಂದು ಹಳೇ ಡಿಸ್ಕ್ ಪ್ಲೇಯರ್. ಭಾವ ಕೊಡ್ತೀನಿ ಅಂದ್ರೆ ಕೊಡ್ಲಿ ಬಿಡು, ನಿಂಗ್ಯಾಕೆ ಹಠ?" ಎಂದು ಬರೆದೆಯಲ್ಲ, ನಿನಗೆ ಪೂರ್ತಿ ಕತೆ ಗೊತ್ತಿಲ್ಲ. ನಿನ್ನ ಭಾವ ಫೋನಿನಲ್ಲಿ ಹೇಳಿದಷ್ಟು ಗೊತ್ತು. ಈಚೆಗೆ ಅವರು ಫೋನಿನಲ್ಲಿ ಹೇಳುತ್ತಾರೆಯೇ ಹೊರತು ಕೇಳುವುದಿಲ್ಲ. ಅದು ಯಾಕೆಂದು ಮುಂದೆ ಬರೆಯುತ್ತೇನೆ.

ನಮ್ಮ ಹಿಂದಿನ ಕೋಣೆ ನಿನಗೆ ನೆನಪಿರಬೇಕು. ಒಳಗೆ ಕಾಲಿಟ್ಟಿರಲಿಕ್ಕಿಲ್ಲ, ಇಣುಕಿ ನೋಡಿರುತ್ತೀ. ಗೋಡೆಯ ಬದಿಗೆ ದಪ್ಪ ಕಲ್ಲಿನ ಹಲಗೆ, ಅದರ ಮೇಲೆ ಆ ಪ್ಲೇಯರ್. ಬೇರೆಯವರ ಮನೆಯ ಸೀಡಿ ಪ್ಲೇಯರಿನ ಹಾಗೆ ನಾಲಿಗೆ ಚಾಚಿ ಡಿಸ್ಕ್ ನುಂಗುವ ಜಾತಿಯಲ್ಲ ಅದು. ಮೇಲಿನ ಮುಚ್ಚಳ ಸರಿಸಿ, ಡಿಸ್ಕನ್ನು ನಡುವಿನ ಗೂಟಕ್ಕೆ ಕೂರಿಸಿ, ಅದರ ಮೇಲೆ ಕೋಟಿನ ಗುಂಡಿಯಷ್ಟು ಅಗಲದ ಲೋಹದ ಬಿಲ್ಲೆಯೊಂದನ್ನು ಇಟ್ಟು, ಆಮೇಲೆ ಮುಚ್ಚಬೇಕು. ಎತ್ತಹೋದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಈಗ ಅಂಥದ್ದನ್ನು ಯಾರೂ ಮಾಡುವುದಿಲ್ಲವಂತೆ. ಕನ್ನಡಕದ ಅಂಗಡಿಯಲ್ಲಿ ಇಡೀ ಜನ್ಮ ನಿಂತು ದುಡಿದ ನಿನ್ನ ಭಾವ ತಮಗೆಂದು ಆಸೆಪಟ್ಟು ತಂದದ್ದು ಅದೊಂದನ್ನೇ. ಅದನ್ನು ನಾನು ಯಾವತ್ತೂ ಆಡಿಕೊಂಡವಳಲ್ಲ.

ಎದುರಿಗೆ ಎರಡು ಸ್ಪೀಕರ್, ಎರಡಕ್ಕೂ ಸಮದೂರದಲ್ಲಿ ಒಂದೇ ಒಂದು ಕುರ್ಚಿ. ಸಂಗೀತ ಸರಿಯಾಗಿ ಕೂಡಿಬರುವುದು ಆ ಜಾಗದಲ್ಲಿ ಮಾತ್ರವಂತೆ. ಕುರ್ಚಿಯ ಮೆತ್ತೆ ಹೊಲಿದವಳು ನಾನು. ಸದ್ದು ಗೋಡೆಗೆ ಬಡಿದು ಚದುರಬಾರದೆಂದು ಪದರದ ಮೇಲೆ ಪದರ ಸೇರಿಸಿ ಪರದೆ ಹೊಲಿದವಳೂ ನಾನೇ. ಅವರು ಕೇಳಲು ಕೂತರೆ ಈಚೆ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ ನಿಲ್ಲಬೇಕು. ಗಿರಾಕಿ ಬಾಗಿಲಲ್ಲಿ ನಿಂತು ಕೂಗಾಡಿದರೂ ನಿಲ್ಲಬೇಕು. ಆ ಹೊತ್ತಿನಲ್ಲಿ ಕಾಜಾ ಮಾಡುತ್ತಲೋ ಗುಂಡಿ ಹಚ್ಚುತ್ತಲೋ ಗೋಡೆಯ ಈಚೆ ಕೂತಿರುತ್ತಿದ್ದೆ. ಗೋಡೆ ದಾಟಿ ಬರುವುದು ಬರೀ ದಪ್ಪ ಸದ್ದು. ಸಂಗೀತವೆಂದರೆ ಪಕ್ಕದ ಮನೆಯಲ್ಲಿ ಯಾರೋ ಬೀರು ಸರಿಸುತ್ತಿದ್ದ ಹಾಗೆ ಎಂದೇ ನಾನು ತಿಳಿದಿದ್ದೆ. ನಡುವೆ ಚಹಾ ಕೊಡಲು ಹೋದರೆ ಬಾಗಿಲಲ್ಲೇ ಕೈ ಚಾಚಿ ಲೋಟ ತೆಗೆದುಕೊಳ್ಳುತ್ತಿದ್ದರು.

ಅವರ ಗೆಳೆಯ ಗೊತ್ತಲ್ಲ, ನಾವಿಬ್ಬರೂ ಚಿನ್ನದ ಕಿವಿ ಎಂದು ಅಡ್ಡಹೆಸರಿಟ್ಟಿದ್ದೆವು. ವೈರು ಬದಲಾಯಿಸಿದರೆ ಪಿಟೀಲಿನ ಬಣ್ಣವೇ ಬದಲಾಯಿತು ಎನ್ನುವ ಆಸಾಮಿ. ಆತನಿಗೆ ಆ ಪ್ಲೇಯರಿನ ಮೇಲೆ ಮೊದಲಿಂದಲೂ ಕಣ್ಣು.

ಈ ವರ್ಷ ಶುರುವಾದಾಗಿನಿಂದ ನಿನ್ನ ಭಾವ ಒಂದೇ ಮಾತು ಹಿಡಿದರು. "ಮಷಿನ್‌ಗೆ ವಯಸ್ಸಾಯ್ತು ಕಣೆ. ಮೇಲಿನ ಸ್ವರ ಎಲ್ಲ ಸತ್ತೋಗಿದೆ. ಕಂಬಳಿ ಹೊದ್ಕೊಂಡು ಹಾಡಿದ ಹಾಗಿದೆ." ಚಿನ್ನದ ಕಿವಿ ಪಕ್ಕದಲ್ಲಿ ನಿಂತು "ಹೌದು ಹೌದು" ಎಂದು ತಲೆಯಾಡಿಸಿದ. ಕೊನೆಗೊಂದು ದಿನ ಊಟ ಮಾಡುತ್ತ, "ಭಾನುವಾರ ಅವನು ತಗೊಂಡು ಹೋಗ್ತಾನೆ, ರಿಪೇರಿ ಮಾಡಿಸಿ ಇಟ್ಕೊಳ್ಳಲಿ" ಎಂದರು. ನನ್ನನ್ನು ಕೇಳಲಿಲ್ಲ, ಹೇಳಿದರು ಅಷ್ಟೆ.

ಅದು ಮನೆ ಬಿಟ್ಟು ಹೋಗುವ ಮುಂಚೆ ನಾನೂ ಒಂದು ಸಲ ಕೇಳೋಣ ಎನ್ನಿಸಿತು. ಬೆಳಿಗ್ಗೆ ಅವರು ಮುಂದಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದಾಗ ಒಳಗೆ ಹೋದೆ. ಡಿಸ್ಕ್ ಇಟ್ಟೆ, ಮುಚ್ಚಳ ಎಳೆದೆ, ಗುಂಡಿ ಒತ್ತಿದೆ. ಬಿಲ್ಲೆ ಇಡುವುದನ್ನೇ ಮರೆತಿದ್ದೆ! ಡಿಸ್ಕ್ ಗೂಟದಿಂದ ಜಾರಿ ಮುಚ್ಚಳಕ್ಕೆ ಉಜ್ಜಿಕೊಂಡು ಕಿರ್ರೋ ಎಂದು ಕಿರುಚಿತು ನೋಡು, ನನ್ನ ಜೀವ ಬಾಯಿಗೆ ಬಂತು. ಬೀದಿಯ ನಾಯಿ ಬೊಗಳತೊಡಗಿತು. ಎದುರುಮನೆಯಾಕೆ ಕಿಟಕಿಯಿಂದ "ಏನ್ರೀ ಅದು?" ಎಂದಳು. ಹೇಗೋ ತಡಕಾಡಿ ನಿಲ್ಲಿಸಿದೆ. ಇನ್ನೇನು ಬಂದರು, ಇವತ್ತು ನನ್ನ ಗ್ರಹಚಾರ ಬಿಡಿಸುತ್ತಾರೆ ಎಂದು ಬಾಗಿಲ ಕಡೆ ನೋಡುತ್ತ ನಿಂತೆ. ನನ್ನ ಕೈಯಿಂದ ಸೂಜಿಡಬ್ಬಿ ಜಾರಿದರೆ ಆ ಕೋಣೆಯಿಂದ "ಏನದು ಸದ್ದು?" ಎನ್ನುತ್ತಿದ್ದ ಮನುಷ್ಯ ಅವರು.

ಬರಲಿಲ್ಲ. ಇಣುಕಿ ನೋಡಿದೆ. ಪೇಪರಿನ ಹಾಳೆ ಮಗುಚಿ ಆರಾಮವಾಗಿ ಓದುತ್ತಿದ್ದರು. ಬೈಸಿಕೊಳ್ಳಲಿಲ್ಲವೆಂದು ನನಗೆ ಅಳು ಬಂದದ್ದು ಅದೇ ಮೊದಲು ಕಣೇ.

ಒಳಗೆ ಹೋಗಿ, ಬೇರೆ ಡಿಸ್ಕ್ ತೆಗೆದು, ಈ ಸಲ ಬಿಲ್ಲೆ ಇಟ್ಟು, ಆ ಕುರ್ಚಿಯಲ್ಲಿ ಕೂತೆ. ಹೆಂಗಸೊಬ್ಬಳ ಹಾಡು. ಕಂಬಳಿ ಎಲ್ಲಿ ಬಂತು? ಅವಳು ಹಾಡುವ ಮುನ್ನ ಉಸಿರೆಳೆದುಕೊಳ್ಳುತ್ತಾಳೆ, ಅದೂ ಕೇಳುತ್ತದೆ. ಒಂದು ಕಡೆ ನಗು ಬಂದು ತಡೆದುಕೊಳ್ಳುತ್ತಾಳೆ, ಅದೂ. ನನ್ನ ಎದುರಿಗೇ ಕೂತು ನನಗೇ ಹಾಡುತ್ತಿದ್ದಾಳೆ ಎನ್ನಿಸಿತು. ಇದು ಒಂದು ಗೋಡೆಯಾಚೆ ಇಷ್ಟು ವರ್ಷ ಇತ್ತಲ್ಲ ಎಂದು ಸಂತೋಷವೂ ಆಯಿತು, ಸಿಟ್ಟೂ ಬಂತು.

ನೇರ ಹೋಗಿ ಪೇಪರ್ ಕಿತ್ತು ಬದಿಗಿಟ್ಟು, ಗಟ್ಟಿಯಾಗಿ ಹೇಳಿದೆ: "ಮಷಿನ್ ಚೆನ್ನಾಗಿದೆ. ಕೆಟ್ಟಿರೋದು ಅದಲ್ಲ."

"ಗೊತ್ತು" ಎಂದರು.

"ಗೊತ್ತಿದ್ರೆ ಕಿವಿ ತೋರಿಸೋಕೇನು? ಊರಿಗೆಲ್ಲ ಕನ್ನಡಕ ಹಾಕಿಸಿದೋರು ನೀವು. ಕಿವಿಗೊಂದು ಮಷಿನ್ ಹಾಕ್ಕೊಳ್ಳೋಕೆ ನಾಚಿಕೆನಾ?"

"ಆ ತಗಡಿನ ಚೂರಲ್ಲಿ ಸಂಗೀತ ಕೇಳ್ಬೇಕಾ? ಕುಕ್ಕರ್ ಸೀಟಿ ಕೇಳಿದ ಹಾಗಿರುತ್ತೆ."

"ಸರಿ, ಬೇಡ. ಪ್ಲೇಯರ್ ಯಾಕೆ ಕೊಡ್ತೀರಿ?"

"ಕೇಳೋರೇ ಇಲ್ಲದ ಮೇಲೆ ಅದು ಮನೇಲಿ ಯಾಕಿರಬೇಕು?"

ಹೀಗೆ ಹೇಳಿದರು ತಂಗೀ. ನನ್ನ ಮುಖ ನೋಡಿಕೊಂಡೇ ಹೇಳಿದರು. "ನಾನಿಲ್ವಾ ಈ ಮನೇಲಿ?" ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಪೇಪರ್ ಎತ್ತಿಕೊಂಡರು.

ಭಾನುವಾರ ಚಿನ್ನದ ಕಿವಿ ಹಳೆಯ ರಜಾಯಿ, ಹಗ್ಗ ಹಿಡಿದುಕೊಂಡು ಬಂದ. ನಾನು ಬೆಳಿಗ್ಗೆಯೇ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟಿದ್ದೆ, ಮಡಿಲಲ್ಲಿ ಹೊಲಿಗೆ ಇಟ್ಟುಕೊಂಡು. ನಿನ್ನ ಭಾವ "ಏಳು" ಎಂದರು. "ಏಳಲ್ಲ" ಎಂದೆ. "ಪ್ಲೇಯರ್ ಈ ಮನೆ ಬಿಟ್ಟು ಕದಲಲ್ಲ. ಎತ್ತೋದಾದ್ರೆ ನನ್ನನ್ನೂ ಕುರ್ಚಿ ಸಮೇತ ಎತ್ಕೊಂಡು ಹೋಗಿ, ಅವರ ಮನೇಲೇ ಕೂತು ಕೇಳ್ತೀನಿ."

ಆತ ಹಲ್ಲು ಬಿಟ್ಟು, "ಅತ್ತಿಗೆ, ಸಿಟ್ಟು ಮಾಡ್ಕೋಬೇಡಿ. ಇಂಥದ್ದನ್ನ ಇಟ್ಕೊಂಡು ನಿಮಗೇನು ಉಪಯೋಗ? ನಿಮಗೆ ವ್ಯತ್ಯಾಸ ಗೊತ್ತಾಗಲ್ಲ" ಎಂದ.

"ನಿಮ್ಮ ಷರಟಿನ ಎಡತೋಳು ಬಲತೋಳಿಗಿಂತ ಉದ್ದ ಇದೆ. ನಿಮಗೆ ಗೊತ್ತಾಗಿಲ್ಲ ಅಂತ ನಾನು ಷರಟು ಕಿತ್ಕೊಂಡ್ನಾ?"

ಪಾಪ, ತೋಳು ನೋಡಿಕೊಂಡ. ನಾನು ಬಿಡಲಿಲ್ಲ. "ಮಷಿನ್ ಸರಿಯಾಗಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಒಂದ್ಸಲ ಕಿವಿ ತೋರಿಸ್ಕೋ ಮಾರಾಯ ಅಂತ ಗೆಳೆಯನಿಗೆ ಹೇಳೋಕಾಗಲಿಲ್ವಾ? ಹೌದು ಹೌದು ಅಂತಿದ್ರಲ್ಲ, ಯಾಕೆ?" ಎಂದು ಕೇಳಿದೆ. ರಜಾಯಿ ಸುತ್ತಿಕೊಂಡು ಹೊರಟುಹೋದ. "ನನ್ನ ಮಾನ ಕಳೆದೆ" ಎಂದರು ನಿನ್ನ ಭಾವ. ಹೋಗಲಿ. ಮಾನ ಹೋಗಿದ್ದು ನನ್ನದಲ್ಲ.

ಅಂದಿನಿಂದ ಬಹಳ ದಿನ ಅವರು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ನಾನು ದಿನಾ ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಕೇಳುತ್ತೇನೆ. ಈಗ ನನ್ನ ಮಷಿನ್ ನಿಲ್ಲುವುದು ನನ್ನ ಇಷ್ಟಕ್ಕೆ. ಗಿರಾಕಿಗಳು ಬೇಕಾದರೆ ಕಾಯಲಿ, ಬೇಡದಿದ್ದರೆ ಬೇರೆ ಕಡೆ ಹೊಲಿಸಲಿ. ಬಿಲ್ಲೆಯನ್ನು ಇನ್ನೊಮ್ಮೆ ಮರೆತಿಲ್ಲ. ಆದ್ದರಿಂದ ಇನ್ನು ಮೇಲೆ ಕೊಟ್ಟುಬಿಡು, ಬಿಟ್ಟುಬಿಡು ಎಂದು ನನಗೆ ಬುದ್ಧಿ ಹೇಳಿ ಬರೆಯಬೇಡ. ಬಂದು ಕೇಳು. ಆ ಕುರ್ಚಿಯಲ್ಲಿ ನಿನ್ನನ್ನೂ ಕೂರಿಸುತ್ತೇನೆ.

ನಿನ್ನ ಮಂಡಿ ಬೇಗ ವಾಸಿಯಾಗಲಿ. ಮಗಳು ನಗುನಗುತ್ತ ಬೆಳೆಯಲಿ, ಕೋಟು ಎಷ್ಟು ಸಲ ಬಿಗಿಯಾದರೂ ಬಿಚ್ಚಿ ಹೊಲಿದುಕೊಡುತ್ತೇನೆ. ನಿಮಗೆಲ್ಲ ಒಳ್ಳೆಯದಾಗಲಿ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ನಿನ್ನೆ ನಾನು ಕೇಳುತ್ತಿದ್ದಾಗ ನಿನ್ನ ಭಾವ ಬಂದು ಬಾಗಿಲಲ್ಲಿ ನಿಂತರು, ನಾನು ಚಹಾ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ. ಅವರಿಗೆ ಬರೀ ದಪ್ಪ ಸದ್ದು ಕೇಳುತ್ತಿರಬೇಕು, ನನಗೆ ಗೋಡೆಯಾಚೆಯಿಂದ ಕೇಳುತ್ತಿದ್ದಷ್ಟು. ನಾನು ಯೋಚಿಸಲೂ ಇಲ್ಲ, "ಬನ್ನಿ, ನೀವೂ ಕೂತ್ಕೊಳ್ಳಿ" ಎಂದು ಹೊಲಿಗೆಯ ಸ್ಟೂಲು ಎಳೆದು ಹಾಕಿದೆ. ಬಂದು ಕೂತರು. ಕಿವಿ ತೋರಿಸಲು ಬರುತ್ತೇನೆ ಎಂದೂ ಒಪ್ಪಿದರು. ಆಮೇಲೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಅವರ ಕಿವಿಗಾಗಿ ಅಲ್ಲ. ಬಾ, ಕೂತ್ಕೋ ಎನ್ನುವ ಮಾತು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ ಕಣೇ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ, ಅವರು ನನಗೂ ಹೇಳಬಹುದಿತ್ತಲ್ಲ.