ಕೆಂಚಕ್ಕನ ಯಕೃತ್ತಿನ ಮೇಲೆ ಬಿದ್ದ ನೇರಳೆ ಮೊಹರು

ಚಿತ್ರದುರ್ಗದ ರಕ್ತಪರೀಕ್ಷಾ ಕೇಂದ್ರದ ಮೇಲಧಿಕಾರಿಗಳಿಗೆ, ಊರವರೂ ಓದಲಿ ಎಂದು

ಮಾನ್ಯರೇ,

೧೯೭೮ರ ಜನವರಿ ಒಂದನೇ ತಾರೀಖಿನಿಂದ ನಿಮ್ಮ ಕೇಂದ್ರವು ರೋಗಿಗಳ ಚೀಟಿಯಲ್ಲಿ ರಕ್ತಪರೀಕ್ಷೆಯ ಸಂಖ್ಯೆ ಬರೆಯುವುದನ್ನು ನಿಲ್ಲಿಸಿ, ಅದರ ಜಾಗದಲ್ಲಿ 'ನಾರ್ಮಲ್' ಎಂಬ ನೇರಳೆ ಬಣ್ಣದ ಮೊಹರು ಒತ್ತುತ್ತಿದೆ. ಈ ಮೊಹರನ್ನು ನೀವು ನನ್ನ ತಂಗಿ ಕೆಂಚಕ್ಕನ ಚೀಟಿಗಳ ಮೇಲೆ ಎಂಟು ತಿಂಗಳಲ್ಲಿ ಎಂಟು ಸಲ ಒತ್ತಿದ್ದೀರಿ. ಅದರಲ್ಲಿ ಕೊನೆಯ ನಾಲ್ಕು ತಪ್ಪು. ತಪ್ಪೆಂದು ತೋರಿಸಬಲ್ಲ ಸಂಖ್ಯೆಗಳು ನಿಮ್ಮ ಪುಸ್ತಕದಲ್ಲಿವೆ, ಆ ಪುಸ್ತಕ ನಿಮ್ಮ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ನಿಮ್ಮ ಜೇಬಿನಲ್ಲಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ನಿಮ್ಮ ಸುತ್ತೋಲೆಯನ್ನು ನಾನು ಮೂರು ಸಲ ಓದಿದ್ದೇನೆ. ಮೂವತ್ತೊಂದು ವರ್ಷ ವಾಚನಾಲಯ ನೋಡಿಕೊಂಡವನಿಗೆ ಓದುವುದೊಂದು ಚಟ, ಸುತ್ತೋಲೆಯನ್ನೂ ಬಿಡುವುದಿಲ್ಲ. 'ಅನವಶ್ಯಕ ಲೇಖನಶ್ರಮವನ್ನು ತಪ್ಪಿಸುವ ಸಲುವಾಗಿ, ಯಕೃತ್ತಿನ ರಕ್ತಪರೀಕ್ಷೆಯಲ್ಲಿ ನಲವತ್ತರ ಒಳಗೆ ಬಂದ ಫಲಿತಾಂಶಗಳಿಗೆ ಸಂಖ್ಯೆಯನ್ನು ನಮೂದಿಸತಕ್ಕದ್ದಲ್ಲ' ಎಂದಿದೆ. ಎರಡು ಅಂಕಿ ಬರೆಯುವ ಶ್ರಮ. ಮೊಹರನ್ನು ಹುಡುಕಿ, ಶಾಯಿಯ ದಿಂಬಿಗೆ ಒತ್ತಿ, ಊದಿ, ಚೀಟಿಯ ಮೇಲೆ ಒತ್ತಿ, ಸರಿಯಾಗಿ ಮೂಡಲಿಲ್ಲವೆಂದು ಮತ್ತೊಮ್ಮೆ ಒತ್ತುವುದರಲ್ಲಿ ಎಷ್ಟು ಶ್ರಮ ಉಳಿಯಿತೆಂದು ನಿಮ್ಮ ಬೆಂಚಿನ ಮೇಲೆ ಕುಳಿತು ಕಣ್ಣಾರೆ ನೋಡಿದ್ದೇನೆ. ಅಭಿನಂದನೆಗಳು.

ಈಗ ಕೆಂಚಕ್ಕನ ವಿಚಾರ. ಅವಳನ್ನು ಮಾಡದಕೆರೆಗೆ ಕೊಟ್ಟಿದ್ದೇವೆ. ನಮ್ಮದು ಕುರಿ ಮನೆತನ, ಅವಳು ಸೇರಿದ್ದೂ ಕುರಿ ಮನೆಯೇ. ಕಳೆದ ಚಳಿಗಾಲದಲ್ಲಿ ಅವಳ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಫೆಬ್ರವರಿಯಿಂದ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಯಂತ್ರದಿಂದ ರಕ್ತ ತೊಳೆಸಿಕೊಳ್ಳುತ್ತಾಳೆ, ಡಯಾಲಿಸಿಸ್ ಎನ್ನುತ್ತಾರೆ. ಅವಳ ಮಗ ನಿಂಗಪ್ಪ ಹೊಸದುರ್ಗದಿಂದ ಬೆಂಗಳೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಆಗಿರುವುದರಿಂದ ಇದೆಲ್ಲ ಸಾಧ್ಯವಾಗಿದೆ. ಸೋಮವಾರ ಮತ್ತು ಗುರುವಾರ ಡ್ರೈವರನ ಹಿಂದಿನ ಸೀಟು ಕೆಂಚಕ್ಕನದೆಂದು ಹಿರಿಯೂರಿನವರೆಗೂ ಎಲ್ಲರಿಗೂ ಗೊತ್ತು. ಯಾರಾದರೂ ಹೊಸಬರು ಕುಳಿತರೆ ಅವಳೇ ಹೇಳುತ್ತಾಳೆ: "ಏಳಪ್ಪ, ನನ್ ರಕ್ತ ಒಗೆಯಾಕೆ ಹೊಂಟೀನಿ. ನಿಂದೂ ಕೊಳೆ ಆಗಿದ್ರೆ ಪಕ್ಕದಾಗೆ ಕುಂತ್ಕ."

ಯಂತ್ರದ ಮೇಲೆ ಇರುವವರಿಗೆ ಒಂದು ಅಪಾಯವಿದೆ. ರಕ್ತದಿಂದ ರಕ್ತಕ್ಕೆ ದಾಟುವ ಒಂದು ಬಗೆಯ ಕಾಮಾಲೆ ಅವರ ಯಕೃತ್ತಿಗೆ ತಗಲಬಹುದು. ಕುರಿಯಲ್ಲಾದರೆ ನಾವು ಈಲಿ ಎನ್ನುವ ಅಂಗವೇ ಅದು. ಆದ್ದರಿಂದ ತಿಂಗಳಿಗೊಮ್ಮೆ ಯಕೃತ್ತಿನ ರಕ್ತಪರೀಕ್ಷೆ ಆಗಲೇಬೇಕು, ಹೊರಜಿಲ್ಲೆಯವರು ತಮ್ಮ ಜಿಲ್ಲೆಯಲ್ಲಿಯೇ ಮಾಡಿಸಿ ಚೀಟಿ ತರಬೇಕು ಎಂಬುದು ಆ ಆಸ್ಪತ್ರೆಯ ನಿಯಮ. ಹೀಗೆ ಕೆಂಚಕ್ಕ ಪ್ರತಿ ತಿಂಗಳ ಮೊದಲ ದಿನ ನಿಮ್ಮಲ್ಲಿಗೆ ಬಂದು ತೋಳು ಚಾಚುತ್ತಾಳೆ, ಮೊಹರು ಪಡೆದು ಹೋಗುತ್ತಾಳೆ.

ಇಲ್ಲಿ ನಮ್ಮ ಮನೆಯವರ ತಪ್ಪನ್ನೂ ಹೇಳಿಬಿಡುತ್ತೇನೆ, ನೀವೊಬ್ಬರೇ ಅಪರಾಧಿ ಎಂದು ಬೇಸರಪಡಬಾರದು. ನಮ್ಮ ಕುರಿ ಸಂತೆಯಲ್ಲಿ ಒಂದು ಪದ್ಧತಿ ಇದೆ. ಕೊಳ್ಳುವವನು ಮಾಂಸ ಎಷ್ಟಿದೆಯೆಂದು ಕುರಿಯ ಬೆನ್ನುಮೂಳೆಯ ಎರಡೂ ಕಡೆ ಬೆರಳೂರಿ ಒತ್ತಿ ನೋಡುತ್ತಾನೆ. ಮಾತು ಮುಗಿದ ಮೇಲೆ ಕುರಿಯ ಬೆನ್ನಿಗೆ ಬಣ್ಣ ಬಳಿಯುತ್ತಾರೆ. ಬಣ್ಣ ಬಿತ್ತೆಂದರೆ ಆಯಿತು, ಆ ಕುರಿಯನ್ನು ಇನ್ನೊಬ್ಬ ಮುಟ್ಟಿ ನೋಡುವಂತಿಲ್ಲ. ಮುಟ್ಟಿದರೆ ಬಣ್ಣ ಬಳಿದವನ ಕೈಯನ್ನು ಅನುಮಾನಿಸಿದಂತೆ, ಜಗಳವೇ ಆಗುತ್ತದೆ. ನಿಮ್ಮ ನೇರಳೆ ಮೊಹರನ್ನು ನಾವು ಹಾಗೆ ತಿಳಿದೆವು. ಬಲ್ಲವರು ನೋಡಿದ್ದಾರೆ, ಬಣ್ಣ ಹಾಕಿದ್ದಾರೆ, ಇನ್ನು ಕೈ ಹಚ್ಚಬಾರದು ಎಂದು.

ಜೂನ್ ತಿಂಗಳಲ್ಲಿ ಕೆಂಚಕ್ಕನಿಗೆ ಮುದ್ದೆ ಸೇರದಾಯಿತು. ಜುಲೈನಲ್ಲಿ ಸಾರಿನ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದಳು. ಬಲಗಡೆ ಪಕ್ಕೆಯ ಕೆಳಗೆ ಯಾರೋ ಬಿಸಿ ಇಟ್ಟಿಗೆ ಇಟ್ಟ ಹಾಗಿದೆ ಎಂದಳು. ನಾವೇನು ಮಾಡಿದೆವು? ಚೀಟಿ ತೋರಿಸಿದೆವು. "ಮೊಹರು ಬಿದ್ದೈತಲ್ಲವ್ವ, ಈಲಿ ಚೆನ್ನಾಗೈತೆ. ಇದು ಬಸ್ಸಿನ ಕುಲುಕಾಟ" ಎಂದ ಮಗ. "ನಿನ್ ಬಸ್ಸಿಗೆ ಮರ್ಯಾದೆ ಇದ್ರೆ ಎಡಗಡೀಗೂ ಕುಲುಕಬೇಕಿತ್ತಲ್ಲೋ" ಎಂದಳು ಅವಳು. ನಾನು ನಕ್ಕೆ. ಓದಿದವನು, ಅಣ್ಣ, ನಕ್ಕುಬಿಟ್ಟೆ. ಆ ನಗುವಿಗೆ ಈ ಪತ್ರ ಭಾಗಶಃ ಪ್ರಾಯಶ್ಚಿತ್ತ.

ಈ ತಿಂಗಳ ನಾಲ್ಕನೇ ತಾರೀಖು ನಾನೂ ಜೊತೆಗೆ ಹೋಗಿದ್ದೆ. ಬೆಂಗಳೂರಿನ ಲೇಡಿ ಡಾಕ್ಟರು ಅವಳ ಪಕ್ಕೆ ಒತ್ತಿ ನೋಡಿದರು. ಕೆಂಚಕ್ಕ ನೋವಿಗೆ ಹಾಸಿಗೆಯಿಂದ ಅರ್ಧ ಎದ್ದಳು. ಡಾಕ್ಟರು ಚೀಟಿಗಳನ್ನು ಕೇಳಿದರು, ನಾನು ಎಂಟನ್ನೂ ಹರವಿದೆ. "ನಂಬರ್ ಎಲ್ಲಿ?" ಎಂದರು. "ಮೊಹರಿದೆ" ಎಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಅದು ನಿಮಗೆ ಸಲ್ಲಬೇಕಾದ ನೋಟ, ದಾರಿ ತಪ್ಪಿ ನನ್ನ ಮೇಲೆ ಬಿತ್ತು.

ಆಮೇಲೆ ಅವರು ತಾಳ್ಮೆಯಿಂದ ವಿವರಿಸಿದರು. ಯಂತ್ರದ ಮೇಲಿರುವ ರೋಗಿಗಳ ರಕ್ತದಲ್ಲಿ ಯಕೃತ್ತಿನ ಈ ಸಂಖ್ಯೆ ಮೊದಲಿಂದಲೂ ತಗ್ಗಿನಲ್ಲಿರುತ್ತದಂತೆ. ಯಾಕೆಂದು ಖಚಿತವಾಗಿ ಗೊತ್ತಿಲ್ಲ, ಒಂದು ಜೀವಸತ್ವದ ಕೊರತೆ ಇರಬಹುದು ಎನ್ನುವವರಿದ್ದಾರೆ. ನಲವತ್ತು ಎನ್ನುವ ಗಡಿ ಮೂತ್ರಪಿಂಡ ಸರಿಯಿರುವ ನಿಮ್ಮಂಥವರಿಗೆ, ನನ್ನಂಥವರಿಗೆ ಹಾಕಿದ್ದು. ಕೆಂಚಕ್ಕನಂಥವರಲ್ಲಿ ಯಕೃತ್ತು ಬೇಯುತ್ತಿದ್ದರೂ ಸಂಖ್ಯೆ ಆ ಗಡಿಯನ್ನು ದಾಟದೆ ಇರಬಹುದು. ಆದ್ದರಿಂದ ಅವರ ಇವತ್ತಿನ ಸಂಖ್ಯೆಯನ್ನು ಅವರದೇ ಹಿಂದಿನ ತಿಂಗಳುಗಳ ಪಕ್ಕದಲ್ಲಿಟ್ಟು ನೋಡಬೇಕು. ಡಾಕ್ಟರು ತಾವೇ ರಕ್ತ ತೆಗೆದು ನೋಡಿದರು: ಮೂವತ್ತೇಳು ಬಂತು. ಒಂದೇ ಸಂಖ್ಯೆ, ಅದೂ ನಲವತ್ತರ ಒಳಗೆ. ಕಾಮಾಲೆಯನ್ನು ಖಚಿತಪಡಿಸುವ ವಿಶೇಷ ಪರೀಕ್ಷೆಗೆ ರಕ್ತವನ್ನು ಹೊರರಾಜ್ಯಕ್ಕೆ ಕಳಿಸಬೇಕು, ಅದಕ್ಕೆ ಆಸ್ಪತ್ರೆಯ ಸಮಿತಿ ಒಪ್ಪಬೇಕು, ಸಮಿತಿಗೆ ಏರಿಕೆ ಕಾಣಬೇಕು. "ಹಳೆಯ ನಂಬರುಗಳನ್ನು ರುಜು ಹಾಕಿಸಿ ತನ್ನಿ. ಅದೇ ವಾರ ಕಳಿಸುತ್ತೇನೆ" ಎಂದರು. ಇದೇ ಯಂತ್ರಕ್ಕೆ ಇನ್ನೂ ಐವರು ತೋಳು ಕೊಡುತ್ತಾರೆ ಎಂದೂ ಮೆಲ್ಲಗೆ ಹೇಳಿದರು. ಕೆಂಚಕ್ಕನಿಗೆ ರೋಗವಿದ್ದರೆ ಅವಳಿಗೆ ಬೇರೆ ಯಂತ್ರ ಬೇಕು, ಅವಳ ಕೆಲವು ಮಾತ್ರೆಗಳು ನಿಲ್ಲಬೇಕು.

ಇದನ್ನು ಮನೆಯಲ್ಲಿ ಹೇಳಿದಾಗ ಕೆಂಚಕ್ಕ ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಕಟ್ಟಿ ಮೇಯಿಸಿದ ಟಗರಿಗೂ ಬ್ಯಾಸಿಗ್ಯಾಗೆ ಬಡಕಲಾದ ಮಂದೆ ಕುರೀಗೂ ಒಂದೇ ಬೆರಳ ಲೆಕ್ಕ ಹಾಕ್ತಾರೇನಣ್ಣ? ಕುರಿ ಕಾಯೋ ಕೂಸಿಗೂ ಗೊತ್ತೈತೆ. ಅವ್ರು ಎಲ್ಲಿ ಓದಿದ್ರಂತೆ?" ನಿಮ್ಮ ವಿದ್ಯಾಭ್ಯಾಸದ ಬಗ್ಗೆ ನನಗೆ ಮಾಹಿತಿ ಇಲ್ಲದ್ದರಿಂದ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ.

ಏಳನೇ ತಾರೀಖು ನಿಮ್ಮ ಕಚೇರಿಗೆ ಬಂದೆ. ನೀವು ಹೊಳಲ್ಕೆರೆಗೆ ತಪಾಸಣೆಗೆ ಹೋಗಿದ್ದಿರಿ. ಗುಮಾಸ್ತ ಏಕಾಂತಪ್ಪನವರು ಕುರ್ಚಿ ಕೊಟ್ಟು ಉಪಚರಿಸಿದರು. ಅವರ ಸೌಜನ್ಯದಲ್ಲಿ ಕೊರತೆಯಿಲ್ಲ.

"ಕುಂತ್ಕಳ್ರಿ. ನಾರ್ಮಲ್ ಅಂತ ಐತಲ್ರಿ, ಖುಷಿಪಡ್ರಿ. ಇನ್ನೇನು ಬೇಕು?"

"ಎಂಟು ತಿಂಗಳ ನಂಬರ್ ಬೇಕು."

"ನಾರ್ಮಲ್ ಆದೋರಿಗೆ ನಂಬರ್ ಕೊಡೋ ಪದ್ಧತಿ ಇಲ್ರಿ. ಅಬ್‌ನಾರ್ಮಲ್ ಚೀಟಿ ತಗಂಡು ಬರ್ರಿ, ಈಗ್ಲೇ ಬರ್ಕೊಡ್ತೀನಿ."

"ಅಬ್‌ನಾರ್ಮಲ್ ಅಂತ ತೋರ್ಸಾಕೇ ಸ್ವಾಮಿ ನಂಬರ್ ಬೇಕಾಗಿರೋದು."

"ಹಂಗಾದ್ರೆ ಅದು ಆದ್ಮೇಲೆ ಬರ್ರಿ. ಅವಸರ ಏನೈತೆ?"

ಅವಸರ ಏನೈತೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಾಗ ನಿಮ್ಮ ಸಿಬ್ಬಂದಿಯವರೊಬ್ಬರು ಬಂದು, ಪುಸ್ತಕದಲ್ಲಿದ್ದ ಸಂಖ್ಯೆಗಳನ್ನು ಬಾಯಲ್ಲಿ ಹೇಳಿದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಎರಡು ಅಂಕಿಗೆ ಪಡದ ಶ್ರಮವನ್ನು ಅವರ ವರ್ಗಾವಣೆಗೆ ಪಡುತ್ತೀರಿ. ನಾನು ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡೆ. ಫೆಬ್ರವರಿ ಒಂಬತ್ತು, ಮಾರ್ಚ್ ಎಂಟು, ಏಪ್ರಿಲ್ ಹತ್ತು, ಮೇ ಒಂಬತ್ತು. ಜೂನ್ ಹದಿನಾರು. ಜುಲೈ ಇಪ್ಪತ್ಮೂರು. ಆಗಸ್ಟ್ ಮೂವತ್ತೊಂದು. ಸೆಪ್ಟೆಂಬರ್ ಮೂವತ್ತಾರು.

ಮಾನ್ಯರೇ, ಇದನ್ನು ಜೋರಾಗಿ ಓದಿ ನೋಡಿ. ಗಣಿತ ಬೇಕಿಲ್ಲ, ಕಿವಿ ಸಾಕು. ಒಂಬತ್ತಿದ್ದದ್ದು ನಾಲ್ಕು ಪಟ್ಟಾಗಿದೆ, ನಾಲ್ಕೂ ಮೆಟ್ಟಿಲಲ್ಲಿ ನಿಮ್ಮ ಮೊಹರು ನಿಂತು ನಮಸ್ಕಾರ ಮಾಡಿದೆ. ಮಾರಿಕಣಿವೆಯ ನೀರಿನ ಮಟ್ಟವನ್ನು ಇಷ್ಟು ಅಡಿ ಎಂದು ಹೇಳದೆ 'ನಾರ್ಮಲ್' ಎಂದು ಬೋರ್ಡು ಹಾಕಿದರೆ ಹಿರಿಯೂರಿನವರು ಒಂದು ದಿನ ಸುಮ್ಮನಿರುತ್ತಾರೆಯೇ? ಮೊನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು ಎಂದು ಚಹದಂಗಡಿಯಲ್ಲೇ ಲೆಕ್ಕ ಹಾಕುವ ಜನ ಅವರು. ಅಣೆಕಟ್ಟೆಗೆ ಸಿಗುವ ಮರ್ಯಾದೆ ಕೆಂಚಕ್ಕನ ಯಕೃತ್ತಿಗೆ ಸಿಗಬಾರದೇ?

ನನಗೆ ಇದು ಹೊಸ ಅನುಭವವೂ ಅಲ್ಲ. ಇಪ್ಪತ್ತೈದು ವರ್ಷದ ಹಿಂದೆ ಮಲೇರಿಯಾ ಮದ್ದು ಹೊಡೆಯುವವರು ನಮ್ಮೂರಿಗೆ ಬಂದಿದ್ದರು. ಮದ್ದು ಹೊಡೆದ ಮನೆಯ ಬಾಗಿಲಿಗೆ ತಾರೀಖು ಬರೆಯಬೇಕಿತ್ತು. ಬಿಸಿಲು ಹೆಚ್ಚಾಗಿ, ಮೊದಲು ಎಲ್ಲ ಬಾಗಿಲಿಗೂ ತಾರೀಖು ಬರೆದು, ಮದ್ದನ್ನು ಸಂಜೆ ಹೊಡೆಯೋಣವೆಂದು ಹೋದರು. ಆ ಸಂಜೆ ಇನ್ನೂ ಬಂದಿಲ್ಲ. ಆ ವರ್ಷ ಚಳಿಜ್ವರ ಬಂದವರೆಲ್ಲ ತಾರೀಖಿನ ಕೆಳಗೇ ಮಲಗಿ ನಡುಗಿದರು. ಅವರೂ ಶ್ರಮವನ್ನೇ ಉಳಿಸಿದ್ದು.

ಟಿಕೆಟ್ಟಿನ ಬೆನ್ನಿನ ಬರಹವನ್ನು ಡಾಕ್ಟರು ನಂಬಿದರು. ಸಮಿತಿ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅದಕ್ಕೆ ನಿಮ್ಮ ರುಜು ಬೇಕು. ಬೇಡದಾಗ ಎಂಟು ಮೊಹರು ಕೊಟ್ಟವರು ಬೇಕಾದಾಗ ಒಂದು ರುಜು ಕೊಡುತ್ತಿಲ್ಲ. ನಾಲ್ಕು ಸಲ ಬಂದಿದ್ದೇನೆ. ಒಮ್ಮೆ ನೀವು ತಪಾಸಣೆಯಲ್ಲಿದ್ದಿರಿ, ಒಮ್ಮೆ ಸಭೆಯಲ್ಲಿದ್ದಿರಿ, ಒಮ್ಮೆ ಊಟದಲ್ಲಿದ್ದಿರಿ, ನಾಲ್ಕನೆಯ ಸಲ ಒಳಗೇ ಇದ್ದು ಇಲ್ಲವೆಂದು ಹೇಳಿಕಳಿಸಿದಿರಿ. ನಿಮ್ಮ ಸೀನು ಕೇಳಿಸಿತು. ಆರೋಗ್ಯ ನೋಡಿಕೊಳ್ಳಿ.

ಕೆಂಚಕ್ಕ ನಿನ್ನೆಯೂ ಬೆಂಗಳೂರಿಗೆ ಹೋಗಿ ಬಂದಳು. ಹಿರಿಯೂರಿನಲ್ಲಿ ಬಸ್ಸು ನಿಂತಾಗ ಇಳಿದು ವಾಂತಿ ಮಾಡಿಕೊಂಡು, ಮತ್ತೆ ಹತ್ತಿ, ಜನರೆಲ್ಲ ತನಗಾಗಿ ಕಾದದ್ದಕ್ಕೆ ನಾಚಿಕೊಂಡಳಂತೆ. ಅವಳಿಗೆ ರೋಗ ಇರಬಹುದು, ಇಲ್ಲದೆಯೂ ಇರಬಹುದು. ತಿಳಿದುಕೊಳ್ಳುವ ಹಕ್ಕು ಅವಳದು. ಆ ಐವರದೂ ಹೌದು.

ಆದ್ದರಿಂದ ಕೇಳುತ್ತಿದ್ದೇನೆ. ಎಂಟು ತಿಂಗಳ ಸಂಖ್ಯೆಗಳನ್ನು ನಿಮ್ಮ ರುಜುವಿನೊಂದಿಗೆ ಬರುವ ಸೋಮವಾರದ ಬಸ್ಸಿಗೆ ಮೊದಲು ಕೊಡಿ. ಆ ಸುತ್ತೋಲೆಯನ್ನು ಹಿಂತೆಗೆದುಕೊಂಡು, ಡಯಾಲಿಸಿಸ್ ರೋಗಿಗಳ ಚೀಟಿಯಲ್ಲಿ ಈ ತಿಂಗಳ ಸಂಖ್ಯೆಯ ಪಕ್ಕದಲ್ಲಿ ಹಿಂದಿನ ತಿಂಗಳುಗಳದ್ದನ್ನೂ ಬರೆಸಿ. ನಲವತ್ತರ ಗಡಿಯನ್ನು ಇಂಥ ರೋಗಿಗಳಿಗೆ ಯಾರನ್ನು ಕೇಳಿ ಹಾಕಿದಿರಿ ಎಂಬುದಕ್ಕೆ ಉತ್ತರ ಗುಮಾಸ್ತರ ಬಾಯಲ್ಲಿ ಬೇಡ, ನನ್ನ ಮನೆಯ ವಿಳಾಸಕ್ಕೂ ಬೇಡ. ಈ ಪತ್ರ ಅಚ್ಚಾದ ಪತ್ರಿಕೆಯಲ್ಲಿಯೇ, ಎಲ್ಲರೂ ಓದುವಂತೆ, ನಿಮ್ಮ ಹುದ್ದೆಯ ಹೆಸರಿನಲ್ಲಿ ಉತ್ತರ ಕೊಡಿ.

ಇಂತಿ,
ಕೇಳಬೇಕಾದ ಪ್ರಶ್ನೆಯನ್ನು ಜೂನ್ ತಿಂಗಳಲ್ಲೇ ಕೇಳದೆ ಹೋದ,
ಚಿಕ್ಕತಿಮ್ಮಪ್ಪ
ನಿವೃತ್ತ ವಾಚನಾಲಯ ಮೇಲ್ವಿಚಾರಕ
ಹೊಸದುರ್ಗ, ೧೯ ಸೆಪ್ಟೆಂಬರ್ ೧೯೭೮