ಹಸಿರು ಕಾರಿನ ನಂಬರು

ಮಾರ್ಚ್ ೧೨

ಪ್ರೀತಿಯ ತಮ್ಮನಿಗೆ,

ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೋ. ಪುರುಸೊತ್ತಿತ್ತು, ಮುಖವಿರಲಿಲ್ಲ. ಅತ್ತಿಗೆಯ ಮಂಡಿನೋವು ಹಾಗೇ ಇದೆ.

ಟೀಚರಮ್ಮನ ಹಸಿರು ಕಾರು ನಿನಗೆ ನೆನಪಿರಲೇಬೇಕು. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಶೆಡ್ಡಿನಲ್ಲಿ ಕೊಳೆತ ಗಾಡಿ; ಮತ್ತೆ ಓಡುವಂತೆ ಮಾಡಿಕೊಡಿ ಎಂದು ನಮ್ಮ ಗ್ಯಾರೇಜಿಗೆ ಕೊಟ್ಟಿದ್ದರು. ಮುಟ್ಟಿದಲ್ಲೆಲ್ಲ ತುಕ್ಕು ಉದುರುತ್ತಿತ್ತು. ಅದೇ ಮಾದರಿಯ ಇನ್ನೊಂದು ಗುಜರಿ ಕಾರು ತಂದು, ಹಳೆಯದರ ಚಾಸಿ ನಂಬರು ಕೊರೆದಿದ್ದ ಅಂಗೈಯಗಲದ ತಗಡನ್ನು ಕತ್ತರಿಸಿ ಇದಕ್ಕೆ ಕೂರಿಸೋಣ ಎಂದವನು ನಾನು. "ಅಣ್ಣಾ, ನಂಬರು ಅಂಟಿಸಿದ್ರೆ ಅದು ಅವರ ಗಾಡಿ ಆಗಲ್ಲ. ಅವರಿಗೆ ಹೇಳಿಯೇ ಮಾಡೋಣ," ಎಂದು ನೀನು ವೆಲ್ಡಿಂಗ್ ಕನ್ನಡಕ ತೆಗೆದಿಟ್ಟೆ. ನಾನು ಬಾಯಿಗೆ ಬಂದಂತೆ ಅಂದೆ. ಮರುವಾರ ನೀನು ಊರು ಬಿಟ್ಟೆ. ಬೆಸುಗೆ ನಾನೇ ಹಾಕಿದೆ.

ಗಾಡಿ ಸಿದ್ಧವಾದ ದಿನ ಟೀಚರಮ್ಮ ಸ್ಟೀರಿಂಗ್ ಹಿಡಿದು ಬಹಳ ಹೊತ್ತು ಕೂತು, ಇಲ್ಲೇ ಅವರ ಕೈ ಇರುತ್ತಿತ್ತು ಎಂದರು. ಆ ಸ್ಟೀರಿಂಗ್ ಯಾರದೋ. ನಾನು ತಲೆಯಾಡಿಸಿದೆ.

ಕಳೆದ ತಿಂಗಳು ನೋಂದಣಿ ನವೀಕರಿಸಲು ನಾನೂ ಟೀಚರಮ್ಮನೂ ಹೋದೆವು. ಇನ್ಸ್‌ಪೆಕ್ಟರು ಬಣ್ಣ ಕೆರೆದರು. ನಂಬರಿನ ಸುತ್ತ ಬೆಸುಗೆಯ ಗೆರೆ ಎದ್ದು ಕಂಡಿತು. ಇದು ಆ ಕಾರೇ ಅಲ್ಲ ಎಂದು ಆಕೆಯ ಎದುರಿಗೇ ಹೇಳಿ ಗಾಡಿಯನ್ನು ವಶಕ್ಕೆ ತೆಗೆದುಕೊಂಡರು.

ಟೀಚರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. "ಹಳೇದು ಎಲ್ಲಿದೆ? ತುಕ್ಕು ಹಿಡಿದಿದ್ರೂ ಪರವಾಗಿಲ್ಲ, ಅದನ್ನೇ ಕೊಡಿ," ಎಂದರು. ಹಳೆಯ ಗಾಡಿ ಮಾರಿದ್ದ ಗುಜರಿಯವನ ಹತ್ತಿರ ಓಡಿದೆ. ಯಂತ್ರದಲ್ಲಿ ಅದುಮಿದ ತಗಡಿನ ಗಟ್ಟಿಗಳ ಸಾಲು ತೋರಿಸಿ, ಇದರಲ್ಲಿ ಯಾವುದೋ ಒಂದಿರಬೇಕು, ಇಲ್ಲವೇ ಕರಗಿಸಲು ಹೋಗಿರಬೇಕು ಎಂದ. ಬರಿಗೈಯಲ್ಲಿ ಆಕೆಯ ಬಾಗಿಲಿಗೆ ಹೋಗಲು ಕಾಲು ಬರಲಿಲ್ಲ.

ಈಗ ಗ್ಯಾರೇಜಿಗೆ ಬೀಗ. ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ಮಣ್ಣುಪಾಲಾಯಿತು.

ಮಕ್ಕಳಿಗೆ ದೊಡ್ಡಪ್ಪನ ಮುತ್ತು. ನಿನ್ನ ಕೈ ಎಂದೂ ಸೋಲದಿರಲಿ.

ನಿನ್ನ ಅಣ್ಣ

ಮತ್ತೆ: ಇದನ್ನು ಮೊದಲೇ ಬರೆಯಬೇಕಿತ್ತು, ಪೆನ್ನು ಏಳಲಿಲ್ಲ. ಬೆಸುಗೆ ಹಾಕಿದವರು ಯಾರು ಎಂದು ಇನ್ಸ್‌ಪೆಕ್ಟರು ಕೇಳಿದಾಗ ಟೀಚರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಿನ್ನ ಹೆಸರು ಹೇಳಿದೆ. ವಿಳಾಸವನ್ನೂ ಕೊಟ್ಟೆ. ಹೋಗಿ ತಿದ್ದಿ ಬರುತ್ತೇನೆಂದು ದಿನವೂ ಚಪ್ಪಲಿ ಮೆಟ್ಟುತ್ತೇನೆ, ಬಾಗಿಲಲ್ಲೇ ಬಿಡುತ್ತೇನೆ. ಈ ಕಾಗದಕ್ಕಿಂತ ಮೊದಲೇ ನೋಟೀಸು ನಿನ್ನ ಕೈ ಸೇರಿರಬಹುದು.