ಬೆನ್ನ ಹಿಂದೆ ಓಸ್ಮೊ

ಕಯಾನಿ
ಫೆಬ್ರವರಿ ೧೭, ೨೦೧೯

ಮುದ್ದಿನ ಮಗಳು ಸೈಮಿಗೆ,

ನಿನ್ನ ಫೋನ್ ಬಂದು ತಿಂಗಳಾಗುತ್ತ ಬಂತು. ನೀನು ಕೇಳಿದ್ದಕ್ಕೆ ಉತ್ತರ ಕೊಡದೆ, ‘ತಗೋ, ನಿನ್ನ ಅಮ್ಮನ ಹತ್ತಿರ ಮಾತಾಡು’ ಎಂದು ಜಾರಿಕೊಂಡೆನಲ್ಲ, ಮೊದಲು ಅದನ್ನು ಮನ್ನಿಸಿಬಿಡು. ಮಾತು ನನಗೆ ಎಂದೂ ಒಲಿದದ್ದಲ್ಲ. ಬರೆಯುವುದು ಅದಕ್ಕಿಂತ ಕಷ್ಟವೆಂದು ಈ ಹಾಳೆಗಳ ಮುಂದೆ ಕುಳಿತ ಮೇಲೆ ತಿಳಿಯಿತು. ಎರಡು ಸಲ ಬರೆದು ಒಲೆಗೆ ಹಾಕಿದ್ದೇನೆ. ಇದನ್ನು ಹಾಕುವುದಿಲ್ಲ.

ಇಲ್ಲಿ ನಾವು ಕ್ಷೇಮ. ಅಮ್ಮನ ಮಂಡಿ ಸುಧಾರಿಸಿದೆ. ಮನೆಯೊಳಗೆ ಕೋಲಿಲ್ಲದೆ ಓಡಾಡುತ್ತಾಳೆ, ಅಂಗಡಿಗೆ ಹೋಗುವಾಗ ಮಾತ್ರ ಕೋಲು ಹಿಡಿಯುತ್ತಾಳೆ. ಯಾಕೆ ಎಂದರೆ, ‘ಕೋಲು ಕಂಡ್ರೆ ಜನ ದಾರಿ ಬಿಡ್ತಾರೆ ಕಣ್ರೀ’ ಎನ್ನುತ್ತಾಳೆ. ಪಕ್ಕದ ಮನೆಯ ಕೌಕೊ ಕರೆಂಟಿನ ಕಾರು ಕೊಂಡ. ಚಳಿ ಏರಿದ ಮೇಲೆ ಅದು ಅಂಗಳದಿಂದ ಅಲುಗಿಲ್ಲ, ಈಗ ಬರೀ ಹಿಮದ ಗುಡ್ಡೆ. ದಿನಾ ಬೆಳಿಗ್ಗೆ ಬಂದು ಅದರ ಮೇಲೆ ಕೈಯಾಡಿಸಿ ಹೋಗುತ್ತಾನೆ, ಕಾಯಿಲೆ ಬಿದ್ದ ಹಸುವನ್ನು ನೋಡುವವನ ಹಾಗೆ.

ಇನ್ನು ನಿನ್ನ ವಿಷಯ. ಅವತ್ತು ಪರದೇಶದ ನಿನ್ನ ಐಸ್ ಹಾಕಿ ಪಂದ್ಯದ ಬಗ್ಗೆ ನೀನು ಹೇಳಿದ ಮಾತು ಒಂದೂ ಮರೆತಿಲ್ಲ. ‘ಅಪ್ಪ, ಪಕ್ ತಗೊಳ್ಳೋಕೆ ಗೋಡೆ ಕಡೆ ತಿರುಗಿದ್ದೆ. ಹಿಂದಿಂದ ಯಾರೋ ನಮ್ಮೂರ ಮಾತಲ್ಲಿ ಕೂಗಿದ್ರು. ಬಲಕ್ಕೆ ಹೋಗು, ಬಂದ್ಳು ಅಂತ. ಗಂಡಸಿನ ದನಿ. ನಾನು ಬಲಕ್ಕೆ ಸರಿದೆ, ಆ ಕೆನಡಾ ಹುಡುಗಿ ಬಂದು ಗೋಡೆಗೆ ಅಪ್ಪಳಿಸಿದ್ಳು. ನಮ್ಮ ತಂಡದಲ್ಲಿ ನಮ್ಮೂರ ಮಾತು ಬರೋರು ಯಾರೂ ಇಲ್ಲ. ಯಾರಪ್ಪ ಅದು?’

ಅದು ಓಸ್ಮೊ.

ನಡುಮನೆಯ ಗೋಡೆಯಲ್ಲಿರುವ ತಂಡದ ಚಿತ್ರದಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಹಲ್ಲು ಕಿರಿಯುತ್ತಿರುವವನು. ಕೇಳಿದಾಗಲೆಲ್ಲ ‘ಹಳೇ ಸ್ನೇಹಿತ’ ಎಂದಷ್ಟೇ ಹೇಳಿ ನಿನ್ನ ಬಾಯಿ ಮುಚ್ಚಿಸಿದ್ದೆ. ಅವನೂ ನಾನೂ ಒಂದೇ ಬೀದಿಯಲ್ಲಿ ಬೆಳೆದವರು. ಸ್ಕೇಟು ಕಟ್ಟಿದ ದಿನದಿಂದ ನಾನು ಎಡಗಡೆಯ ರಕ್ಷಕ, ಅವನು ಬಲಗಡೆಯವನು. ನಮ್ಮ ಕಡೆಯ ಜನ ಬಾಯಿ ತೆರೆದರೆ ಮೈಯ ಶಾಖ ಹೋಗಿಬಿಡುತ್ತದೆ ಎನ್ನುವಂಥವರು. ಓಸ್ಮೊ ಒಬ್ಬನೇ ಊರಿನ ಎಲ್ಲರ ಪಾಲಿನದನ್ನೂ ಮಾತಾಡುತ್ತಿದ್ದ. ಸೌನಾದ ಬಿಸಿ ಹಬೆಕೋಣೆಯಲ್ಲಿ ಬೆವರುತ್ತ ಕೂತಾಗಲೂ ಬಿಡುತ್ತಿರಲಿಲ್ಲ. ‘ತೌನೊ, ದೇವರು ನಿಂಗೆ ಬಾಯಿ ಕೊಟ್ಟಿದ್ದು ಸೂಪು ಕುಡಿಯೋಕೆ ಮಾತ್ರ ಕಣೋ. ನಾನಿಲ್ದೆ ಹೋದ್ರೆ ನೀನು ಮದುವೆ ಮನೇಲೂ ಹೂಂ ಅನ್ನಲ್ಲ!’

ರಕ್ಷಣೆಯವರ ಪಾಡು ನಿನಗೆ ಹೇಳಿಕೊಡಬೇಕಾಗಿಲ್ಲ. ಎದುರಾಳಿಗಳು ಪಕ್ಕಿನ ಕರಿ ಬಿಲ್ಲೆಯನ್ನು ನಮ್ಮ ಮೂಲೆಗೆ ಎಸೆದು ಅಟ್ಟಿಸಿಕೊಂಡು ಬರುತ್ತಾರೆ. ನಾವು ಅವರಿಗೆ ಬೆನ್ನು ಕೊಟ್ಟು ಗೋಡೆಯತ್ತ ಓಡಬೇಕು. ಹಿಂದೆ ಎಷ್ಟು ಜನ, ಯಾವ ಕಡೆಯಿಂದ, ಎಷ್ಟು ಹತ್ತಿರ, ಒಂದೂ ಕಾಣುವುದಿಲ್ಲ. ಆಗ ಜೊತೆಯವನ ಬಾಯಿಯೇ ನಮ್ಮ ಕಣ್ಣು. ‘ಬಂದ!’ ಎಂದರೆ ಬಂದ. ‘ಎಡಕ್ಕೆ!’ ಎಂದರೆ ಎಡಕ್ಕೆ, ಯೋಚನೆ ಮಾಡಬಾರದು. ‘ಯಾರೂ ಇಲ್ಲ, ಬಾ’ ಎಂದರೆ ತಲೆಯೆತ್ತಿ ಆರಾಮವಾಗಿ ತಿರುಗಬಹುದು. ಓಸ್ಮೊ ಒಮ್ಮೆಯೂ ತಪ್ಪು ಹೇಳಲಿಲ್ಲ. ನನ್ನ ಕತ್ತನ್ನು ನಾನು ಅವನ ಗಂಟಲಿಗೆ ಒಪ್ಪಿಸಿಬಿಟ್ಟಿದ್ದೆ.

ಎಂಬತ್ತೈದರ ಏಪ್ರಿಲ್‌ನಲ್ಲಿ, ಆಟದ ಹಂಗಾಮು ಮುಗಿದ ಮೇಲೆ, ಸರೋವರದ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಒಬ್ಬನೇ ಹೋದ. ನನಗೆ ಜ್ವರ, ಮಲಗಿದ್ದೆ. ವಾಪಸ್ಸು ಬರುವಾಗ ದಾರಿ ಹತ್ತಿರವಾಗಲೆಂದು ನದಿ ಬಂದು ಸೇರುವ ಬಾಯಿಯ ಮೇಲೆ ಸ್ಕೀಯಲ್ಲಿ ಬಂದಿದ್ದಾನೆ. ಒಳಗೆ ನೀರು ಹರಿಯುವ ಜಾಗ, ಅಲ್ಲಿ ಮಂಜುಗಡ್ಡೆ ಎಂದೂ ಗಟ್ಟಿಯಿರುವುದಿಲ್ಲ, ಊರಿನ ಎಳೆಮಕ್ಕಳಿಗೂ ಗೊತ್ತು. ಮಂಜು ಕರಗಿದ ಮೇಲೆಯೇ ಅವನು ಸಿಕ್ಕಿದ್ದು.

ಶರತ್ಕಾಲದಲ್ಲಿ ಆಟ ಮತ್ತೆ ಶುರುವಾಯಿತು. ನನ್ನ ಜೊತೆಗೆ ಕೇಯೊ ಎಂಬ ಹೊಸಬನನ್ನು ಹಾಕಿದರು. ಒಳ್ಳೆಯವನು, ಆದರೆ ಮೂಗಬಸವ. ಮೊದಲ ಪಂದ್ಯದಲ್ಲೇ ಪಕ್ಕು ನನ್ನ ಮೂಲೆಗೆ ಬಂತು. ಬೆನ್ನು ತಿರುಗಿಸಿ ಓಡಿದೆ. ಹಿಂದೆ ಸ್ಕೇಟುಗಳ ಸದ್ದು, ಕೇಯೊ ಉಸಿರೆತ್ತಲಿಲ್ಲ. ಇನ್ನೇನು ಬಗ್ಗಬೇಕು, ಕಿವಿಯ ಹತ್ತಿರವೇ ಕೇಳಿತು:

‘ಎಡಕ್ಕೆ ಕಣೋ, ಸತ್ತೆ!’

ಕಾಲು ತಾನಾಗಿ ಸರಿಯಿತು. ನನ್ನ ತಲೆ ಇರಬೇಕಿದ್ದ ಜಾಗಕ್ಕೆ ಒಬ್ಬ ದಾಂಡಿಗ ಬಂದು ಬಡಿದ, ಗೋಡೆಯ ಹಲಗೆ ಅದುರಿತು. ಬೆಂಚಿಗೆ ಬಂದಾಗ ನಮ್ಮ ಕೋಚ್ ರೆಪೊ ನನ್ನ ಶಿರಸ್ತ್ರಾಣ ತಟ್ಟಿ, ‘ಬೆನ್ನಲ್ಲಿ ಕಣ್ಣಿಟ್ಕೊಂಡಿದೀಯೇನೋ?’ ಎಂದ. ನಾನು ಕೇಯೊನನ್ನು ಕೇಳಿದೆ, ‘ನೀನು ಕೂಗಿದ್ಯಾ?’ ಅವನು ಇಲ್ಲವೆಂದು ತಲೆಯಾಡಿಸಿದ.

ಆಮೇಲೆ ಪ್ರತಿ ಪಂದ್ಯದಲ್ಲೂ ಓಸ್ಮೊ ಬಂದ. ತಾಲೀಮಿನಲ್ಲಿ ಇಲ್ಲ, ಬೀದಿಯಲ್ಲಿ ಇಲ್ಲ. ಮಂಜಿನ ಮೇಲೆ ನಾನು ಬೆನ್ನು ತಿರುಗಿಸಿದಾಗ ಮಾತ್ರ. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಕೆಲವು ಸಲ ಕತ್ತಿನ ಹಿಂದೆ ಒದ್ದೆ ಉಣ್ಣೆಯ ವಾಸನೆ ಬಂದು ಹೋಗುತ್ತಿತ್ತು. ಹುಚ್ಚು ಹಿಡಿಯುತ್ತಿದೆ ಎಂದುಕೊಂಡೆ. ಆದರೆ ಹುಚ್ಚು ಒಮ್ಮೆಯಾದರೂ ತಪ್ಪು ಹೇಳಬೇಕಲ್ಲ? ಅವನು ಹೇಳಲಿಲ್ಲ.

ತಡೆಯಲಾರದೆ ಅವನ ತಾಯಿ ಲೆಂಪಿಯಮ್ಮನ ಮನೆಗೆ ಹೋದೆ. ರೈ ಹಿಟ್ಟು ನಾದುತ್ತಿದ್ದವರು ಕೈ ತೊಳೆದು ಕಾಫಿ ಇಟ್ಟರು. ನಾನು ಬಟ್ಟಲು ತಿರುಗಿಸುತ್ತ ಕೂತೆ. ಅವರೇ ಕೇಳಿದರು.

‘ಓಸ್ಮೊ ಬರ್ತಾನಾ ನಿನ್ನ ಹತ್ರ?’

ಬಟ್ಟಲು ಕೆಳಗಿಟ್ಟೆ. ‘ನಿಮಗೆ ಯಾರು ಹೇಳಿದ್ರು ಲೆಂಪಿಯಮ್ಮ?’

‘ರೇಡಿಯೊದಲ್ಲಿ ಆಟ ಕೇಳ್ತೀನಲ್ಲ. ನೀನು ಈಗ್ಲೂ ಅವನಿದ್ದಾಗ ಆಡಿದ ಹಾಗೇ ಆಡ್ತಿದೀಯಂತೆ. ಅವನು ಹೇಳದೆ ನಿಂಗೆ ಹ್ಯಾಗೆ ಬರಬೇಕು?’ ಎಂದರು. ಎದ್ದು ಮತ್ತೆ ಹಿಟ್ಟಿಗೆ ಕೈ ಹಾಕಿದರು. ‘ಇಲ್ಲಿಗೆ ಬರಲ್ಲ ಅವನು. ಬಾಗಿಲಿಗೆ ಚಿಲಕ ಹಾಕದೆ ಮಲಗ್ತೀನಿ, ಆದ್ರೂ ಬರಲ್ಲ. ಒಂದು ಮಾತು ಹೇಳಪ್ಪ. ಅವನ ದನಿ ಚಳಿಯಾದವರ ದನಿ ಥರ ಕೇಳುತ್ತಾ?’

‘ಇಲ್ಲ, ಬೆಚ್ಚಗಿರೋ ಹಾಗೇ ಕೇಳುತ್ತೆ’ ಎಂದೆ. ನಿಜ ಹೇಳಬೇಕೆಂದರೆ, ಪ್ರತಿ ಕೂಗಿನ ಕೊನೆಯಲ್ಲೂ ಅವನ ಹಲ್ಲು ಕಟಕಟಿಸುತ್ತಿದ್ದವು.

ನನ್ನ ವೃತ್ತಿಯ ಉಳಿದ ಕಥೆ ನಿನಗೆ ಗೊತ್ತಿರುವುದೇ. ಸ್ವೀಡನ್ನಿನವರು ಕರೆದರು, ಹೋದೆ. ದೇಶದ ತಂಡಕ್ಕೂ ಆಡಿದೆ. ನಾನೇನು ವೇಗದ ಆಟಗಾರನಲ್ಲ, ಹೊಡೆತವೂ ಅಂಥದ್ದಲ್ಲ, ಆದರೆ ಮೂಲೆಯಲ್ಲಿ ತೌನೊನನ್ನು ಹಿಡಿಯಲಾಗುವುದಿಲ್ಲ ಎಂದು ಹೆಸರಾಯಿತು. ಪತ್ರಿಕೆಯವರು ಗುಟ್ಟೇನು ಎಂದು ಕೇಳುತ್ತಿದ್ದರು. ‘ಕಿವಿ ಕೊಟ್ಟು ಆಡ್ತೀನಿ’ ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ನನಗೆ ವಯಸ್ಸಾಯಿತು, ಅವನಿಗೆ ಆಗಲಿಲ್ಲ. ಮಂಡಿ ಸವೆದು, ಸೊಂಟ ಹಿಡಿದು, ಕೂದಲು ಉದುರಿ ನಾನು ಮೂವತ್ತು ದಾಟಿದೆ. ಬೆನ್ನ ಹಿಂದಿನ ದನಿ ಇಪ್ಪತ್ತಮೂರರ ಹುಡುಗನದೇ. ಕೊನೆಕೊನೆಗೆ ಚೇಷ್ಟೆಗೂ ಶುರುಮಾಡಿದ. ‘ಬೇಗ ಬಾರೋ ಮುದುಕ! ಹಿಂಡಿನ ಹಿಂದೆ ಕುಂಟೋ ಹಿಮಸಾರಂಗದ ಥರ ಆಗಿದೀಯ!’ ಮಂಜಿನ ಮೇಲೆ ನಾನು ಒಬ್ಬನೇ ನಗುವುದನ್ನು ಕಂಡು ಎದುರಾಳಿಗಳು ಹಿಂದೆ ಸರಿಯುತ್ತಿದ್ದರು.

ನಿನಗೆ ನಾಲ್ಕು ವರ್ಷವಾಗಿದ್ದಾಗ, ಮಾರ್ಚ್‌ನ ಒಂದು ಭಾನುವಾರ, ಒಳ್ಳೆಯ ಬಿಸಿಲು. ನಿನ್ನನ್ನು ಜಾರುಬಂಡಿಯಲ್ಲಿ ಕೂರಿಸಿ, ಕುರಿಚರ್ಮ ಹೊದಿಸಿ, ಸರೋವರದ ಮೇಲೆ ಎಳೆದುಕೊಂಡು ಹೊರಟಿದ್ದೆ. ಅಮ್ಮ ದಡದಲ್ಲಿ ಬೆಂಕಿ ಹಾಕಿ ಸಾಸೇಜು ಸುಡುತ್ತಿದ್ದಳು. ಗಾಳಿಯಿರಲಿಲ್ಲ, ಹಿಮದ ಮೇಲೆ ಜಾರುಬಂಡಿಯ ಸರಸರ ಬಿಟ್ಟರೆ ಸದ್ದಿಲ್ಲ. ಆಗ ಕೇಳಿತು. ಆಟದಂಗಳದ ಹೊರಗೆ, ಮೊದಲ ಸಲ. ಬೆನ್ನ ಹಿಂದಿನಿಂದಲ್ಲ, ಮುಂದಿನಿಂದ, ನದಿಯ ಬಾಯಿಯ ಕಡೆಯಿಂದ.

‘ತೌನೊ, ಈ ಕಡೆ. ಯಾರೂ ಇಲ್ಲ, ಬಾ.’

ಸೈಮಿ, ಅಷ್ಟು ವರ್ಷ ಆ ದನಿಯ ಮಾತಿನಂತೆ ತಿರುಗಿದ ಕಾಲು ನನ್ನದು. ತಲೆಯನ್ನು ಕೇಳದೆಯೇ ತಿರುಗಿತು. ಹಗ್ಗ ಹಿಡಿದು ಆ ಕಡೆಗೆ ಹೆಜ್ಜೆ ಹಾಕಿಯೂ ಹಾಕಿದೆ. ಬಿಳಿ ಹಿಮ ಮುಂದೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಾಲ ಕೆಳಗೆ ಎಲ್ಲೋ ನೀರು ಗೊಣಗುತ್ತಿತ್ತು. ನಾನು ನಿಲ್ಲಲಿಲ್ಲ. ಆಗ ನೀನು ಹಿಂದಿನಿಂದ ಕೇಳಿದೆ:

‘ಅಪ್ಪ, ಆ ಮಾಮ ಅಷ್ಟೊತ್ತಿಂದ ಕರೀತಿದಾರೆ, ನೀನ್ಯಾಕೆ ಓ ಅನ್ನಲ್ಲ?’

ನಿಂತೆ. ತಿರುಗಿ ನೋಡಿದರೆ ನೀನು ಕೆಂಪು ಕೈಗವಸು ಎತ್ತಿ ನದಿಯ ಬಾಯಿಗೆ ಕೈ ಬೀಸುತ್ತಿದ್ದೆ. ಅಲ್ಲಿ ನನಗೆ ಬರೀ ಬಿಸಿಲು ಕಾಣಿಸಿತು. ನಿನ್ನನ್ನು ಬಾಚಿ ಎದೆಗವಚಿಕೊಂಡು, ಜಾರುಬಂಡಿಯನ್ನು ಅಲ್ಲೇ ಬಿಟ್ಟು ದಡಕ್ಕೆ ಓಡಿದೆ. ಮಂಡಿ ಸವೆದವನು ಅಷ್ಟು ಜೋರಾಗಿ ಓಡಿದ್ದು ಅದೇ ಕೊನೆ.

ಅಮ್ಮ ನನ್ನ ಮುಖ ನೋಡಿ, ‘ಏನಾಯ್ತ್ರೀ?’ ಎಂದಳು.

‘ಆಟ ಬಿಡ್ತೀನಿ ಹಿಲ್ಕ. ಇನ್ನು ಮಂಜಿನ ಮೇಲೆ ಕಾಲಿಡಲ್ಲ.’

ಅವಳು ನಿನ್ನ ಬಾಯಿಗೆ ಸಾಸೇಜು ಕೊಟ್ಟು, ಬೆಂಕಿಗೆ ಹಿಮ ಸುರಿದಳು. ಪತ್ರಿಕೆಗಳಿಗೆ ಮಂಡಿ ನೋವು ಎಂದು ಹೇಳಿದೆ. ಮಾರನೆಯ ದಿನ ಕೌಕೊ ಹೋಗಿ ನೋಡಿದಾಗ ಜಾರುಬಂಡಿ ಬಿಟ್ಟ ಕಡೆ ಕಪ್ಪು ನೀರಿತ್ತಂತೆ.

ನೀನು ಸ್ಕೇಟು ಬೇಕೆಂದು ಹಠ ಹಿಡಿದಾಗ ನಾನು ಯಾಕೆ ಅಷ್ಟು ವಿರೋಧಿಸಿದೆ ಎಂದು ಈಗ ಅರ್ಥವಾಗಿರಬಹುದು. ಹುಡುಗಿಗೆ ಈ ಆಟ ಯಾಕೆ ಎಂದದ್ದು ಬರೀ ನೆಪ. ನೀನು ನನ್ನ ಮಾತು ಕೇಳಲಿಲ್ಲ. ರಕ್ಷಣೆಗೇ ನಿಂತೆ, ಅದೂ ಬಲಗಡೆ. ನಿನ್ನ ಆಟ ನೋಡಿ ಹೆಮ್ಮೆಪಟ್ಟಷ್ಟು ನನ್ನ ಆಟಕ್ಕೆ ನಾನು ಎಂದೂ ಪಟ್ಟವನಲ್ಲ.

ಆದ್ದರಿಂದ ಕೇಳು. ಆಟದಂಗಳದಲ್ಲಿ ಅವನು ಹೇಳಿದ್ದನ್ನು ಕೇಳು, ಅನುಮಾನ ಪಡಬೇಡ. ಅಲ್ಲಿ ಅವನಷ್ಟು ಒಳ್ಳೆಯ ಜೊತೆಗಾರ ನಿನಗೆ ಸಿಕ್ಕುವುದಿಲ್ಲ. ಆದರೆ ಬಾಗಿಲು ದಾಟಿ ಹೊರಗೆ ಬಂದ ಮೇಲೆ ಅವನು ಕರೆದರೆ ಓಗೊಡಬೇಡ. ನೀನಿರುವ ಊರು ಸಮುದ್ರದ ಮಗ್ಗುಲಲ್ಲೇ ಇದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಜನ ಅದರ ಮೇಲೆ ನಡೆದಾಡುತ್ತಾರೆಂದು ಕೇಳಿದ್ದೇನೆ. ನೀನು ಹೋಗಬೇಡ. ಗೆಳತಿಯರು ಅಂಜುಬುರುಕಿ ಎಂದರೆ ಅನ್ನಲಿ.

ಅಮ್ಮ ನಿನಗೆ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ, ಪೊಟ್ಟಣದಲ್ಲಿ ರೈ ರೊಟ್ಟಿಯೂ ಇದೆ. ಚೆನ್ನಾಗಿ ಉಣ್ಣು, ನಿದ್ದೆಗೆಡಬೇಡ. ನಿನ್ನ ಕಾಲ ಕೆಳಗಿನ ನೆಲ ಸದಾ ಗಟ್ಟಿಯಾಗಿರಲಿ, ಬೆನ್ನಿಗೆ ನಿನ್ನವರು ಇರಲಿ ಎಂದು ಹರಸುವ,

ನಿನ್ನ ಅಪ್ಪ
ತೌನೊ

ಮರೆತ ಮಾತು: ಅಮ್ಮನಿಗೆ ಇದನ್ನು ತೋರಿಸಬೇಡ. ಆ ಭಾನುವಾರ ಭಯದಿಂದ ಓಡಿದೆ ಎಂದು ನೀನು ತಿಳಿಯಬಹುದು. ಭಯವಾದದ್ದು ನಿನಗಾಗಿ ಮಾತ್ರ. ಜಾರುಬಂಡಿಯಲ್ಲಿ ನೀನಿಲ್ಲದಿದ್ದರೆ ನಾನು ಹೋಗಿಬಿಡುತ್ತಿದ್ದೆ, ಸಂತೋಷದಿಂದಲೇ. ‘ಯಾರೂ ಇಲ್ಲ, ಬಾ’ ಎಂದನಲ್ಲ, ಅದು ಮೋಸವಾಗಿರಲಿಲ್ಲ ಮಗಳೇ. ಅಲ್ಲಿ ಅವನಿಗೆ ನಿಜವಾಗಿಯೂ ಯಾರೂ ಇಲ್ಲ. ಅಂದಿನಿಂದ ಒಮ್ಮೆಯೂ ಅವನು ನನ್ನನ್ನು ಕರೆದಿಲ್ಲ. ಮಂಜಿನ ಮೇಲೆ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟವನು, ಪ್ರತಿ ಮಾರ್ಚ್‌ನಲ್ಲೂ ದಡದ ಅಂಚಿನ ತನಕ ಹೋಗಿ, ಸರೋವರಕ್ಕೆ ಬೆನ್ನು ತಿರುಗಿಸಿ ನಿಂತು ಬರುತ್ತೇನೆ. ಏನೂ ಕೇಳಿಸುವುದಿಲ್ಲ. ಇನ್ನೊಮ್ಮೆ ಅವನ ದನಿ ಕೇಳಿದರೆ ಒಂದು ಸಾಲು ಬರೆ, ನನ್ನ ಹೆಸರೆತ್ತಿದನೇ ಎಂದು.